ಗಾಜಿನೊಳಗಿನ ಹಸಿರು ಸೀರೆ

ಟಕ್... ಟಕ್...

ಯಾರೋ ಗಾಜು ಬಡಿದರು. ಕೌಸಲ್ಯ ತಲೆಯೆತ್ತಿದಳು. ಬೀದಿಯಲ್ಲಿ ನಿಂತ ಅಪರಿಚಿತನೊಬ್ಬ, ಗೊಂಬೆಯ ಸೆರಗು ಎಡಕ್ಕೆ ಓರೆಯಾಗಿದೆ ಎಂದು ಕೈಸನ್ನೆ ಮಾಡುತ್ತಿದ್ದ!

ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದಳು, ಬೈಯಲೂ ಆಗಲಿಲ್ಲ. ಬೆನ್ನು ತಿರುಗಿಸಿಬಿಟ್ಟಳು.

ಅದು ಅರವತ್ತೊಂದನೇ ಇಸವಿ. ತುಮಕೂರಿನ ಪೇಟೆಯಲ್ಲಿ ಸೀತಾರಾಮಯ್ಯನವರು ತಮ್ಮ ಜವಳಿ ಅಂಗಡಿಗೆ ಆಳೆತ್ತರದ ಗಾಜಿನ ಷೋಕೇಸ್ ಮಾಡಿಸಿದ್ದರು. ಪ್ರತಿ ಗುರುವಾರ ಅದರೊಳಗಿನ ಗೊಂಬೆಗೆ ಹೊಸ ಸೀರೆ ಉಡಿಸಿ, ಹಿಂದೆ ತಾನೇ ಬರೆದ ಪರದೆ ಇಳಿಬಿಡುವುದು ಕೌಸಲ್ಯಳ ಕೆಲಸ. ಗುಬ್ಬಿಯಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಅಪ್ಪನಿಂದ ಕಲಿತ ಕೈ ಅದು. ದಿನವೂ ಅಲ್ಲಿಂದ ರೈಲಿನಲ್ಲಿ ಅಂಗಡಿಗೆ ಬಂದು ಹೋಗುತ್ತಿದ್ದಳು. ಅವಳ ಗೊಂಬೆ ನೋಡುತ್ತಾ ನಿಂತು ಬಸ್ಸು ತಪ್ಪಿಸಿಕೊಂಡ ಹೆಂಗಸರಿದ್ದರು.

'ನನಗೇ ಹೇಳಿಕೊಡ್ತಾನಾ?' ಎಂದುಕೊಂಡೇ ಹೊರಗೆ ಬಂದು ನೋಡಿದಳು.

ಸೆರಗು ಓರೆಯಾಗಿಯೇ ಇತ್ತು...

ಅವನು ಯೋಗನರಸಿಂಹ, ಕುಣಿಗಲ್ಲಿನ ಡ್ರಾಯಿಂಗ್ ಮೇಷ್ಟ್ರು. ಮುಂದಿನ ಗುರುವಾರವೂ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಬಂದ. ಬೆನ್ನು ತಿರುಗಿಸುವಷ್ಟು ಜಂಬವೇ ಎಂದು ಕೇಳಿದ.

"ಬಾಯಲ್ಲಿ ಪಿನ್ನಿತ್ತು ಮೇಷ್ಟ್ರೇ. ಇಲ್ದಿದ್ರೆ ಸರಿಯಾಗೇ ಹೇಳ್ತಿದ್ದೆ," ಎಂದಳು.

ಆಮೇಲೆ ಅವನು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಒಳಗೆ ನಿಂತವಳಿಗೆ ಹೊರಗಿನ ನೋಟ ಕಾಣದು. ಅವನು ಬೀದಿಯಿಂದ ಸನ್ನೆ ಮಾಡುವನು, ಅವಳು ನೆರಿಗೆ ತಿದ್ದುವಳು. ಆರು ತಿಂಗಳಲ್ಲಿ ಎರಡೂ ಮನೆಯವರು ಮದುವೆಗೆ ಒಪ್ಪಿದರು.

ಧಾರೆ ಸೀರೆ ಆರಿಸಲು ಅವನ ತಾಯಿ ಅಲಮೇಲಮ್ಮ ಮಗನೊಡನೆ ಅಂಗಡಿಗೆ ಬಂದರು. ಕೌಸಲ್ಯ ಆಸೆಯಿಂದ ಷೋಕೇಸಿನ ಹಸಿರು ರೇಷ್ಮೆ ತೋರಿಸಿದಳು.

"ಗೊಂಬೆ ಉಟ್ಟ ಸೀರೆ ಧಾರೆಗೆ ಬರಲ್ಲ ಕಣಮ್ಮ. ಮದುವೆ ಆದ್ಮೇಲೆ ನೀನೂ ಗಾಜಿನೊಳಗೆ ನಿಲ್ಲೋದು ಬೇಡ. ಬೀದಿಯವರೆಲ್ಲಾ ನೋಡ್ತಾರೆ."

ಕೌಸಲ್ಯ ಅವನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದ.

'ಇವರಿಗೂ ಅದೇ ಬೇಕಿತ್ತಾ?'

"ನೋಡಲಿ ಅಂತಲೇ ನಿಲ್ತೀನಮ್ಮ. ಉಟ್ಟ ಸೀರೆ ಬೇಡ ಅಂದ್ರೆ ಉಡಿಸಿದ ಕೈಯೂ ಬೇಡ ಬಿಡಿ," ಎಂದು ಸೀರೆ ಮಡಿಸಿದಳು.

ಗುರುವಾರ ಬಂತು. ಅದೇ ಹಸಿರು ಸೀರೆಯನ್ನು ಹಟಕ್ಕೆ ಮತ್ತೆ ಗೊಂಬೆಗೆ ಉಡಿಸತೊಡಗಿದಳು. ಹೊರಗೆ ಸನ್ನೆ ಮಾಡುವವರಿರಲಿಲ್ಲ. ಸೆರಗು ಹೇಗಿದೆಯೋ... ಕಣ್ಣು ಮಂಜಾಯಿತು.

ಷೋಕೇಸಿನ ಪುಟ್ಟ ಬಾಗಿಲಲ್ಲಿ ಅವನ ದನಿ ಕೇಳಿಸಿತು.

"ಧಾರೆಗೆ ಆ ಸೀರೆಯೇ ಬೇಕು."

"ಗೊಂಬೆ ಉಟ್ಟಿದ್ದು."

"ನೀವು ಉಡಿಸಿದ್ದು."

"ಅವತ್ತು ಯಾಕೆ ಬಾಯಿ ಬಿಡಲಿಲ್ಲ?"

"ನಾಲ್ಕು ಜನರ ಎದುರು ಅಮ್ಮನ್ನ ಚಿಕ್ಕದು ಮಾಡೋಕಾಗ್ಲಿಲ್ಲ. ಮನೇಲಿ ದಿನಾ ಹೇಳಿದೆ. ನಿಮ್ಮ ಕೆಲಸ ಬಿಡಿಸೋದಾದ್ರೆ ನನಗೆ ಮದುವೆನೇ ಬೇಡ ಅಂದೆ. ಅಲ್ಲಿ ನೋಡಿ..."

ಗಾಜಿನಾಚೆ ನಾಲ್ಕು ಹೆಂಗಸರ ನಡುವೆ ಅಲಮೇಲಮ್ಮ ನಿಂತಿದ್ದರು. ಗೊಂಬೆಯ ಕಡೆ ಕೈ ತೋರಿಸಿ, ಉಡಿಸಿದವಳು ತಮ್ಮ ಮನೆಗೆ ಬರುವ ಸೊಸೆ ಎಂದು ಒಳಗೂ ಕೇಳುವಷ್ಟು ಜೋರಾಗಿ ಬೀಗುತ್ತಾ ಹೇಳುತ್ತಿದ್ದರು.

ಕೌಸಲ್ಯ ಕಣ್ಣೊರೆಸಿಕೊಂಡು ಪಿನ್ನು ಕೈಗೆತ್ತಿಕೊಂಡಳು.

"ಇಲ್ಲೇನ್ ನಿಂತಿದೀರಿ? ಹೊರಗೆ ಹೋಗಿ, ಸೆರಗು ಹೇಗಿದೆ ಹೇಳಿ."

"ಎಷ್ಟು ಗುರುವಾರ?"

"ನನ್ನ ಕೈ ನಡೆಯೋವರೆಗೂ."