ಅಪ್ಪನ ನಿಧಾನದ ದನಿ

"ಆ ಪೆಟ್ಟಿಗೆ ಆಫ್ ಮಾಡ್ಬೇಡ ಕಣೇ ಡಾರ್ಲಾ," ಎಂದರು ಪಕ್ಕದ ಮನೆಯ ನಾರ್ಮಾ ಆಂಟಿ.

ಡಾರ್ಲಾ ಕೈ ಹಿಂದಕ್ಕೆ ಎಳೆದುಕೊಂಡಳು. ಹ್ಯೂಸ್ಟನ್ನಿನ ಕಂಟ್ರೋಲ್ ರೂಮಿನವರು ಅಪ್ಪನ ಜೊತೆ ಆಡುವ ಮಾತೆಲ್ಲ ಆ ಪೆಟ್ಟಿಗೆಯಿಂದ ಮನೆಗೇ ಕೇಳಿಸುತ್ತಿತ್ತು. ಅಪ್ಪ ಬಾಹ್ಯಾಕಾಶ ನೌಕೆಯಲ್ಲಿ ಭೂಮಿಯನ್ನು ಸುತ್ತುತ್ತಿದ್ದ. ಅದು ಸಾಲದೆಂದು ಇವತ್ತು ನೌಕೆಯ ಬಾಗಿಲು ತೆರೆದು ಹೊರಗೂ ಹೋಗಿ ಬಂದಿದ್ದ. ಈಗ ಆ ಬಾಗಿಲು ಮುಚ್ಚುತ್ತಿಲ್ಲ. ಮುಚ್ಚದಿದ್ದರೆ ಅಪ್ಪನೂ ಅವನ ಜೊತೆಗಾರನೂ ಬದುಕಿ ಬರುವಂತಿಲ್ಲ.

ಡಾರ್ಲಾಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಗೆ ಹೋದಳು. ಅಂಗಳದ ತುಂಬ ಪೇಪರಿನವರು, ಕ್ಯಾಮೆರಾದವರು. ಅಡುಗೆಮನೆಗೆ ಹೋದಳು. ನೆರೆಯವರು ತಂದಿಟ್ಟ ಕೇಕನ್ನು ತಮ್ಮ ಕ್ಲಿಂಟ್ ಒಬ್ಬನೇ ಮುಕ್ಕುತ್ತಿದ್ದ.

"ಅಪ್ಪಂಗೆ ಭಯ ಅನ್ನೋದೇ ಗೊತ್ತಿಲ್ಲ," ಎಂದ.

"ಅದಕ್ಕೇ ನಮ್ಮನ್ನ ಬಿಟ್ಟು ಹೋಗಿದ್ದು. ಸುಮ್ನೆ ತಿನ್ನು."

ಅವಳಿಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂದಿತ್ತು. ಯಾಕೆ ಹೋಗ್ಬೇಕು ಅಂತ ಕೇಳಿದರೆ, "ಅಲ್ಲಿಂದ ಹೇಗೆ ಕಾಣುತ್ತೆ ಅಂತ ನೋಡ್ಬೇಡ್ವಾ ಮಗಳೇ?" ಎಂದಿದ್ದ. ಭಯವೇ ಇಲ್ಲದವನಿಗೆ ಮನೆಯವರ ಸಂಕಟ ಏನು ಗೊತ್ತು?

ಪೆಟ್ಟಿಗೆಯಲ್ಲಿ ಅಪ್ಪನ ದನಿ ಬಂತು. "ಹಿಡಿಕೆ... ತಿರುಗ್ತಿಲ್ಲ. ಇನ್ನೊಂದ್ಸಲ... ನೋಡ್ತೀನಿ."

"ಎಷ್ಟು ಸಮಾಧಾನ ನೋಡಿ," ಎಂದರು ನಾರ್ಮಾ ಆಂಟಿ. "ಗಟ್ಟಿ ಗುಂಡಿಗೆ ಅವರದು."

ಡಾರ್ಲಾ ನಿಂತಲ್ಲೇ ನಿಂತಳು. ಅಪ್ಪ ಹೀಗೆ ಒಂದೊಂದೇ ಪದ ಇಟ್ಟು ಮಾತಾಡಿದ್ದನ್ನು ಅವಳು ಮೊದಲೂ ಕೇಳಿದ್ದಳು. ಗ್ಯಾಲ್ವೆಸ್ಟನ್ನಿನ ಕಡಲಲ್ಲಿ ಅಲೆ ಕ್ಲಿಂಟ್‌ನನ್ನು ಎಳೆದೊಯ್ದಾಗ, "ನನ್ನನ್ನೇ... ನೋಡು. ಕೈ... ಕೊಡು," ಎನ್ನುತ್ತ ಈಜಿದ್ದ. ದಡಕ್ಕೆ ಬಂದ ಮೇಲೆ ಅಪ್ಪನ ಕೈ ಎಷ್ಟು ನಡುಗುತ್ತಿತ್ತೆಂದರೆ, ಟವೆಲನ್ನೂ ಹಿಡಿಯಲಾಗಿರಲಿಲ್ಲ.

ಹಾಗಾದರೆ ಅಪ್ಪನಿಗೆ ಈಗ ಭಯವಾಗಿದೆ. ತುಂಬಾ ಭಯವಾಗಿದೆ. ಆದರೂ ಹಿಡಿಕೆ ತಿರುಗಿಸುತ್ತಲೇ ಇದ್ದಾನೆ. ಅವಳ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಪೆಟ್ಟಿಗೆ ಹೇಳಿತು: "ಮುಚ್ಚಿತು."

ಮನೆಯೆಲ್ಲ ಚಪ್ಪಾಳೆ. ನಾರ್ಮಾ ಆಂಟಿ ಅತ್ತೇಬಿಟ್ಟರು. ಅಷ್ಟು ಹೊತ್ತೂ ಪೆಟ್ಟಿಗೆಯ ಪಕ್ಕವೇ ಕೂತಿದ್ದ ಅಮ್ಮ ಎದ್ದು, ಲಿಪ್‌ಸ್ಟಿಕ್ ಹಚ್ಚಿಕೊಂಡು ಪೇಪರಿನವರ ಮುಂದೆ ಹೋಗಿ ನಿಂತಳು. ಡಾರ್ಲಾ ಬಾಗಿಲಲ್ಲಿ ನಿಂತು ನೋಡಿದಳು.

"ಮೇಡಂ, ಇಷ್ಟೆಲ್ಲ ಆದ್ಮೇಲೂ ಅವರು ಮತ್ತೆ ಹೋಗ್ತೀನಿ ಅಂದ್ರೆ?" ಎಂದು ಒಬ್ಬ ಕೇಳಿದ.

ಅಮ್ಮ ನಕ್ಕಳು. "ಕಳಿಸ್ತೀನಿ," ಎಂದಳು. "ಖುಷಿಯಿಂದ... ಕಳಿಸಿ... ಕೊಡ್ತೀನಿ."

ಅವರೆಲ್ಲ ಅದನ್ನು ಬರೆದುಕೊಂಡರು.

ಡಾರ್ಲಾ ಬರಿಗಾಲಲ್ಲೇ ಅಂಗಳಕ್ಕೆ ಓಡಿ, ಅಮ್ಮನ ಕೈಯೊಳಗೆ ತನ್ನ ಕೈ ಇಟ್ಟಳು.