ಅಣ್ಣನ ಫೈಲಿನ ಕೊನೆಯ ಸಾಲು

ಅಣ್ಣ ಎಲ್ಲರಿಗೂ ಉಚಿತವಾಗಿ ಬರೆದುಕೊಟ್ಟ ಡೇಟಾಬೇಸ್ ಪ್ರೋಗ್ರಾಮ್ ಅದು. ಅವನು ತೀರಿಕೊಂಡ ಮೇಲೆ, ಅದು ಕಂಪ್ಯೂಟರಿನಿಂದ ಪಡೆದು ಹಿಂತಿರುಗಿಸದೆ ಉಳಿಸಿಕೊಂಡ ಚೂರುಪಾರು ಮೆಮೊರಿಯನ್ನು ಅವನ ಕೋಣೆಯಲ್ಲೇ ಕುಳಿತು ಬಿಡಿಸುತ್ತಿದ್ದೆ. ಪಡೆದದ್ದನ್ನು ಮರಳಿಸದ ಜೀವಕ್ಕೆ ಬಿಡುಗಡೆಯಿಲ್ಲ ಎಂದು ನಂಬಿದವನು ನಾನು.

"ಮೆಮೊರಿ ಸೋರಿಕೆ ಇನ್ನೊಂದೇ ಉಳಿದಿದೆ, ಅತ್ತಿಗೆ."

"ನಿಮ್ಮಣ್ಣನೂ ದಿನಾ ಅದನ್ನೇ ಹೇಳ್ತಿದ್ರು ಕಣಪ್ಪಾ," ಎಂದು ನಕ್ಕು ಅತ್ತಿಗೆ ಕೆಲಸಕ್ಕೆ ಹೊರಟರು. ಮನೆಯಲ್ಲಿ ನಾನೊಬ್ಬನೇ ಉಳಿದೆ.

ಸೋರಿಕೆ ನಾನೂರ ಹದಿಮೂರನೆಯ ಸಾಲಿನಲ್ಲಿದೆ ಎಂದಿತು ತಪಾಸಣೆಯ ವರದಿ. ಅಣ್ಣ ಬರೆದ ಕೋಡ್ ಫೈಲು ನಾನೂರ ಹನ್ನೆರಡಕ್ಕೇ ಮುಗಿದಿತ್ತು. ಮಟಮಟ ಮಧ್ಯಾಹ್ನದಲ್ಲಿ ಕೀಬೋರ್ಡು ತಣ್ಣಗೆ ಕೊರೆಯುತ್ತಿತ್ತು.

ಅಡುಗೆಮನೆಯಲ್ಲಿ ನೀರು ಕುಡಿಯುವಾಗ ಕೋಣೆಯಿಂದ ಕೀಬೋರ್ಡಿನ ಟಕಟಕ ಸದ್ದು ಕೇಳಿತು. ಹೋಗಿ ನೋಡಿದರೆ, ನಾನು ಹಿಂದೆ ತಳ್ಳಿ ಎದ್ದಿದ್ದ ಕುರ್ಚಿ ಮೇಜಿಗೆ ಒತ್ತಿಕೊಂಡಿತ್ತು. ದೇವರನ್ನು ನೆನೆದು ಮತ್ತೆ ತಪಾಸಣೆ ನಡೆಸಿದೆ.

ಫೈಲಿನಲ್ಲಿ ಈಗಲೂ ನಾನೂರ ಹನ್ನೆರಡೇ ಸಾಲು. ವರದಿ ಮಾತ್ರ ಸೋರಿಕೆ ನಾನೂರ ಹದಿನಾಲ್ಕನೆಯ ಸಾಲಿನಲ್ಲಿದೆ ಎನ್ನುತ್ತಿತ್ತು.