ಅವಳ ಬಲಗಡೆ ನಿಂತವನು

"ಆಗ್ಲಿಂದ ಕೂಗ್ತಾನೇ ಇದೀನಿ... ಏನ್ರೀ, ಕಿವಿ ಕೇಳಲ್ವಾ?"

ಲೇಸರ್ ವರ್ಕ್‌ಶಾಪಿನ ಯಂತ್ರದ ಸದ್ದಿನ ನಡುವೆ ಕೆಲಸದಲ್ಲಿ ಮುಳುಗಿದ್ದ ಅವಳು ಬೆಚ್ಚಿಬಿದ್ದು ತಿರುಗಿದಳು.

ಎಡಗಡೆ ಅಪರಿಚಿತನೊಬ್ಬ ನಿಂತಿದ್ದ. ಮುಖ ಕೆಂಪೇರಿತ್ತು. ಅಂಗೈಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಅಚ್ಚುಗಳನ್ನು ಅವಳ ಮೇಜಿನ ಮೇಲೆ ಸುರಿದ. ಶ್ರವಣಯಂತ್ರ ಹಾಕಿಕೊಳ್ಳುವವರ ಕಿವಿಯೊಳಗೆ ಕೂರುವ, ಗಾಜಿನಷ್ಟೇ ಪಾರದರ್ಶಕವಾದ ಅಚ್ಚುಗಳು.

"ಎಡ, ಬಲ ಅಂತ ಗುರುತು ಹಾಕಿಕೊಡಿ ಅಂದಿದ್ವಿ. ಹಾಕಿದ್ರಿ. ತೊಳೆದ್ರೆ ಎಲ್ಲಾ ಮಾಯ! ಅಜ್ಜಿಯೊಬ್ರು ಎಡದ್ದನ್ನ ಬಲಕ್ಕೆ ತುರುಕಿಕೊಂಡು ಕಿವಿ ಗಾಯ ಮಾಡ್ಕೊಂಡಿದ್ದಾರೆ. ಇದಕ್ಕೇನಂತೀರಿ?"

ಅವನ ಉಳಿದ ಮಾತುಗಳು ಅವಳ ತಲೆಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. ಮೊದಲನೆಯದೇ ಎದೆಯಲ್ಲಿ ಸಿಕ್ಕಿಕೊಂಡಿತ್ತು.

ಕಿವಿ ಕೇಳಲ್ವಾ...?

ಹೌದು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಎಡಗಿವಿಯ ಕೇಳುವ ಶಕ್ತಿಯನ್ನು ಪೂರ್ತಿ ಕಿತ್ತುಕೊಂಡು ಹೋಗಿತ್ತು. ಆದರೆ ಅದು ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲೂ ಬಾರದಿತ್ತು!

ಅವಳು ಒಂದು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು.

"ತಪ್ಪು ನನ್ನದೇ" ಎಂದಳು ಮೆಲ್ಲಗೆ.

ಜಗಳಕ್ಕೆಂದೇ ಸಜ್ಜಾಗಿ ಬಂದಿದ್ದವನು ತಬ್ಬಿಬ್ಬಾದ.

"ಲೇಸರ್ ಬೆಳಕು ಈ ಪ್ಲಾಸ್ಟಿಕ್ ಒಳಗಿಂದ ಹಾಗೇ ದಾಟಿಹೋಗತ್ತೆ, ಗುರುತು ಬೀಳಲ್ಲ. ಅದಕ್ಕೆ ಮೊದಲು ಒಂದು ಕಪ್ಪು ಲೇಪನ ಸಿಂಪಡಿಸ್ತೀವಿ. ಲೇಸರ್ ಎಲ್ಲೆಲ್ಲಿ ಓಡತ್ತೋ ಅಲ್ಲಿ ಮಾತ್ರ ಅದು ಬಿಸಿಗೆ ಪ್ಲಾಸ್ಟಿಕ್‌ಗೆ ಕಚ್ಚಿಕೊಳ್ಳತ್ತೆ. ಉಳಿದದ್ದನ್ನ ತೊಳೆದುಬಿಡೋದು. ಅಚ್ಚು ಇಷ್ಟು ತೆಳು ಇದೆಯಲ್ಲ, ಕರಗಿಬಿಟ್ಟೀತು ಅಂತ ಹೆದರಿ ಬಿಸಿ ಕಮ್ಮಿ ಇಟ್ಟೆ. ಸರಿಯಾಗಿ ಕಚ್ಚಿಕೊಂಡಿಲ್ಲ... ಆ ಅಜ್ಜಿಗೆ ಈಗ ಹೇಗಿದೆ?"

"ವಾಸಿ ಆಗ್ತಿದೆ." ಅವನ ದನಿ ಇಳಿದಿತ್ತು. ಏಕೋ ಒಂದು ಗಳಿಗೆ ಅವಳನ್ನೇ ನೋಡಿದ. ನಂತರ ಮೇಜನ್ನು ಸುತ್ತಿಕೊಂಡು ಅವಳ ಬಲಗಡೆಗೆ ಬಂದು ನಿಂತ.

"ಬನ್ನಿ, ಹಾಳಾದ ಅಚ್ಚುಗಳು ಬೇಕಾದಷ್ಟಿವೆ. ಅವುಗಳ ಮೇಲೆ ಮಾಡಿ ನೋಡೋಣ."

ಅಂದಿನಿಂದ ಅವನು ಬರತೊಡಗಿದ. ಶ್ರವಣ ಚಿಕಿತ್ಸಾಲಯದಲ್ಲಿ ಅಚ್ಚು ತಯಾರಿಸುವುದು ಅವನ ಕೆಲಸ. ವರ್ಕ್‌ಶಾಪಿನ ಯಜಮಾನಿ ಅವನಿಗೆ 'ಕಿವಿಯವರು' ಎಂದೇ ಹೆಸರಿಟ್ಟುಬಿಟ್ಟಿದ್ದಳು.

"ನಿನ್ನ ಕಿವಿಯವರು ಬಂದ್ರು ನೋಡಮ್ಮ!"

"ನನ್ನವರು ಅಂತ ಯಾಕಂತೀರಾ?" ಎಂದು ಸಿಡುಕಿದರೂ ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಇಬ್ಬರೂ ಸೇರಿ ಬಿಸಿ ಹೆಚ್ಚಿಸಿದರು, ಒಂದಿಷ್ಟು ಅಚ್ಚುಗಳನ್ನು ಸುಟ್ಟರು, ಲೇಪನ ತೆಳುವಾಗಿಸಿದರು. ಕೊನೆಗೊಂದು ದಿನ, ಎಷ್ಟು ಉಜ್ಜಿದರೂ ಅಳಿಯದ ಕಪ್ಪು 'ಎ' ಮತ್ತು 'ಬ' ಕಣ್ಣಿಗೆ ಕಂಡಾಗ ಅವನು ಮಗುವಿನಂತೆ ಚಪ್ಪಾಳೆ ತಟ್ಟಿದ. ಅವಳು ನಕ್ಕಳು. ನಿಜವಾಗಿ ನಕ್ಕಳು!

ಏಕೆಂದರೆ ಮನೆಯಲ್ಲಿ ಅವಳು ನಗುತ್ತಿದ್ದುದು ಬೇರೆ ಬಗೆಯ ನಗು.

ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು. ಊಟದ ಹೊತ್ತಿಗೆ ಮನೆ ತುಂಬಾ ಗಲಗಲ. ಪಾತ್ರೆಗಳ ಸದ್ದು, ಟಿವಿಯ ಸದ್ದು, ಎಲ್ಲರೂ ಒಟ್ಟಿಗೇ ಆಡುವ ಮಾತು ಬೆರೆತು ಅವಳ ಒಂದೇ ಕಿವಿಗೆ ಬರೀ ಗದ್ದಲವಾಗಿ ತಲುಪುತ್ತಿತ್ತು. ಏನೆಂದು ಕೇಳಿದರೆ, "ಏನಿಲ್ಲ ಬಿಡು ಪುಟ್ಟಿ" ಎನ್ನುತ್ತಿದ್ದರು. ಹಾಗಾಗಿ ಕೇಳುವುದನ್ನೇ ಬಿಟ್ಟಿದ್ದಳು. ಎಲ್ಲರೂ ನಕ್ಕಾಗ ತಾನೂ ನಕ್ಕು, ತಟ್ಟೆ ತೊಳೆದಿಟ್ಟು, ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

'ಇವನೊಬ್ಬನ ಮಾತು ಮಾತ್ರ ನನಗೆ ಅಷ್ಟು ಸ್ಪಷ್ಟವಾಗಿ ಹೇಗೆ ಕೇಳುತ್ತೆ...?'

ಉತ್ತರ ಸಿಕ್ಕಿದ ದಿನವೇ ಎಲ್ಲ ಮುರಿದುಬಿತ್ತು.

"ಒಂದು ಮಾತು... ತಪ್ಪು ತಿಳ್ಕೋಬೇಡಿ" ಎಂದ ಅವನು, ಕೈಯಲ್ಲಿದ್ದ ಅಚ್ಚನ್ನು ತಿರುಗಿಸುತ್ತ. "ಒಂದ್ಸಲ ನಮ್ಮಲ್ಲಿಗೆ ಬನ್ನಿ. ನಿಮ್ಮ ಎಡಗಿವಿ ಪರೀಕ್ಷೆ ಮಾಡಿಸೋಣ."

ಅವಳು ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನಿಮಗೆ... ಯಾವಾಗಿಂದ ಗೊತ್ತು?"

"ಮೊದಲ ದಿನದಿಂದ. ನಾನು ಹಾಗೆ ಕೂಗಾಡಬಾರದಿತ್ತು. ಮನೆಗೆ ಹೋದ್ಮೇಲೂ ಮನಸ್ಸು ಚುಚ್ತಾನೇ ಇತ್ತು."

ಅಂದರೆ ಆ ನಗು, ಆ ಸಲಿಗೆ, ಬಲಗಡೆಯೇ ಬಂದು ನಿಲ್ಲುತ್ತಿದ್ದದ್ದು... ಎಲ್ಲ ಪ್ರಾಯಶ್ಚಿತ್ತವೇ? ಪಾಪ, ಕಿವುಡಿ ಅಂತಲೇ?

"ಇಷ್ಟು ದಿನ ನೀವು ನನ್ನನ್ನ ನೋಡ್ತಿದ್ದೀರಿ ಅಂದ್ಕೊಂಡಿದ್ದೆ" ಎಂದಳು. "ನನ್ನ ಕಿವಿ ನೋಡ್ತಿದ್ರಿ. ಹೋಗಿ. ನಿಮ್ಮ ಕನಿಕರ ನನಗೆ ಬೇಡ!"

"ಹಾಗಲ್ಲ, ನಾನು ಹೇಳೋದನ್ನ..."

ಅವಳು ಬೇಕೆಂದೇ ತಿರುಗಿ ಎಡಗಿವಿಯನ್ನು ಅವನ ಕಡೆ ಮಾಡಿ ಕುಳಿತಳು. ಅವನು ಏನೇನೋ ಹೇಳಿದ. ಯಂತ್ರದ ಸದ್ದಿನಲ್ಲಿ ಒಂದೂ ಕೇಳಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಮುಂದಿನ ಸಲ ಅಚ್ಚುಗಳ ಡಬ್ಬಿ ತಂದವನು ಕೊರಿಯರ್‌ನವನು.

ದಿನಗಳು ಸಪ್ಪೆಯಾಗಿ ಉರುಳಿದವು. ಲೇಪನ ಸಿಂಪಡಿಸು, ಒಣಗಿಸು, ಲೇಸರ್ ಓಡಿಸು, ತೊಳೆ. ಡಬ್ಬಿಯಲ್ಲಿ ಒಂದು ಚೀಟಿಯಾದರೂ ಇದ್ದೀತೇ ಎಂದು ಪ್ರತಿಸಲ ತಡಕುತ್ತಿದ್ದಳು. ಇರುತ್ತಿರಲಿಲ್ಲ. ತಾನೇ ಅಟ್ಟಿದವನಿಗಾಗಿ ಕಾಯುವುದಕ್ಕಿಂತ ದೊಡ್ಡ ಒಂಟಿತನ ಯಾವುದಿದೆ...!

ಅಷ್ಟರಲ್ಲಿ ಅಣ್ಣ ಒಂದು ಸಂಬಂಧ ತಂದ.

"ಅವರನ್ನೆಲ್ಲ ಬಲಗಡೆಗೇ ಕೂರಿಸ್ತೀನಿ" ಅತ್ತಿಗೆ ಅವಳ ತಲೆ ಬಾಚುತ್ತ ಹೇಳಿದಳು. "ಕಿವಿ ವಿಷಯ ಮಾತ್ರ ಎತ್ಬೇಡ ಕಣೇ. ಮದುವೆ ಆದ್ಮೇಲೆ ತಾನಾಗೇ ಹೊಂದ್ಕೊಳ್ಳತ್ತೆ."

ಗಂಡಿನ ಕಡೆಯವರು ಬಂದರು. ಹುಡುಗ ಒಳ್ಳೆಯವನಂತೆಯೇ ಕಂಡ. ಟಿವಿಯ ಸದ್ದು, ಎಲ್ಲರ ಮಾತಿನ ನಡುವೆ ಅವನ ತಾಯಿ ಏನೋ ತಮಾಷೆ ಹೇಳಿದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು.

ತಕ್ಷಣ ಅವಳಿಗೆ ತನ್ನ ನಗುವಿನ ಮೇಲೇ ಹೇಸಿಗೆಯಾಯಿತು.

"ನೀವು ಹೇಳಿದ್ದು ನನಗೆ ಕೇಳಿಸ್ಲಿಲ್ಲಮ್ಮ" ಎಂದಳು. "ನನ್ನ ಎಡಗಿವಿ ಕೇಳಲ್ಲ. ಚಿಕ್ಕಂದಿನಿಂದಲೂ."

ಕಾಫಿ ಲೋಟಗಳು ಅರ್ಧಕ್ಕೇ ಉಳಿದವು. ಆಮೇಲೆ ತಿಳಿಸುತ್ತೇವೆ ಎಂದು ಅವರು ಎದ್ದರು.

"ಏನ್ ಮಾಡಿಬಿಟ್ಟೆ ಪುಟ್ಟಿ!" ಅಣ್ಣ ತಲೆ ಮೇಲೆ ಕೈಹೊತ್ತು ಕುಳಿತ.

"ಅಣ್ಣ, ಇಲ್ಲಿ ನಗೋ ಹಾಗೆ ಆ ಮನೇಲೂ ಸುಮ್ಸುಮ್ನೆ ನಗ್ತಾ ಜೀವನಪೂರ್ತಿ ಕೂತಿರ್ಲಾ?"

ಅಣ್ಣ ತಲೆಯೆತ್ತಿದ. "ಅಂದ್ರೆ... ಇಲ್ಲಿ ನೀನು ನಗೋದು..."

ಅಣ್ಣನ ಕಣ್ಣು ತುಂಬಿತು. ಎದ್ದುಹೋಗಿ, ಯಾರೂ ನೋಡದೆ ಕಿರುಚುತ್ತಿದ್ದ ಟಿವಿಯನ್ನು ಆರಿಸಿಬಂದ.

ಮರುದಿನ ಅವಳು ತಾನಾಗಿಯೇ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದಳು. ಯಾರ ಕನಿಕರಕ್ಕೂ ಅಲ್ಲ, ತನ್ನ ಕಿವಿಯ ನಿಜವನ್ನು ತಾನೇ ತಿಳಿಯಲು.

ಪರೀಕ್ಷೆ ಮಾಡಿದ ಡಾಕ್ಟರಮ್ಮ ನೇರವಾಗಿ ಹೇಳಿದರು: "ನರವೇ ಹೋಗಿದೆಯಮ್ಮ. ಆ ಕಿವಿಗೆ ಯಂತ್ರ ಹಾಕಿ ಪ್ರಯೋಜನ ಇಲ್ಲ."

ಹೊರಬಂದಾಗ ಕಾರಿಡಾರಿನಲ್ಲಿ ಅವನು ನಿಂತಿದ್ದ. ಏಪ್ರನ್ ತುಂಬಾ ಪ್ಲಾಸ್ಟಿಕ್ ಪುಡಿ. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಕ್ಷಮಿಸಿ..." ಎಂದ ಅವನು. "ಸುಮ್ನೆ ಆಸೆ ಹುಟ್ಟಿಸಿದೆ."

"ಪರವಾಗಿಲ್ಲ. ನನಗದು ಹೊಸದೇನಲ್ಲ." ಅವಳು ಬಲಗಿವಿ ಅವನ ಕಡೆಗಾಗುವಂತೆ ತಿರುಗಿದಳು. "ಆ ದಿನ ನಾನು ಮುಖ ತಿರುಗಿಸಿ ಕೂತಾಗ... ಏನು ಹೇಳಿದ್ರಿ?"

ಅವನು ತಲೆ ತಗ್ಗಿಸಿದ.

"ಕನಿಕರ ಅಲ್ಲ, ಸ್ವಾರ್ಥ ಅಂದೆ. ನಾನು ಆಡೋ ಒಂದು ಮಾತೂ ನಿಮಗೆ ತಪ್ಪಿಹೋಗಬಾರದು ಅಂತ ಬಲಗಡೆ ನಿಲ್ತಿದ್ದೆ. ನೀವು ಕೇಳಿಸ್ಕೊಂಡ್ರೆ... ನಾನೂ ಯಾರಿಗೋ ಬೇಕಾದವನು ಅನ್ನಿಸ್ತಿತ್ತು. ನಿಮ್ಮನ್ನ ಇಷ್ಟಪಡ್ತೀನಿ ಅಂತಲೂ ಅಂದೆ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಮತ್ತೆ ಬರಲೇ ಇಲ್ವಲ್ಲ?"

"ಬೇಡ ಅಂದವರ ಬಾಗಿಲಿಗೆ ಹೇಗೆ ಬರ್ಲಿ?"

"ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ಬನೇ. ಅಮ್ಮ ಹೋದ್ಮೇಲೆ ಅಡುಗೆ ಮಾಡೋವಾಗ ನನ್ನಷ್ಟಕ್ಕೆ ನಾನೇ ಮಾತಾಡ್ಕೋತೀನಿ. ಪಕ್ಕದ ಮನೆಯವರು ನನಗೆ ಹುಚ್ಚು ಅಂದ್ಕೊಂಡಿದ್ದಾರೆ."

ಅವಳಿಗೆ ನಗು ಬಂತು. ಜೊತೆಗೇ ಕಣ್ಣೀರೂ...

"ನನ್ನ ಜೊತೆ ಬದುಕಿದ್ರೆ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳ್ಬೇಕಾಗತ್ತೆ. ಬೇಜಾರಾಗಲ್ವಾ?"

"ಒಂದ್ಸಲ ಹೇಳೋಕೂ ನನಗೆ ಯಾರೂ ಇರ್ಲಿಲ್ಲ ಕಣ್ರೀ."

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಏಪ್ರನ್ ಬಿಚ್ಚಿಟ್ಟು ಬನ್ನಿ. ನಮ್ಮಣ್ಣನ ಹತ್ರ ಮಾತಾಡಿ."

"ಈಗ್ಲೇನಾ!"

"ಈಗ್ಲೇ. ತಡ ಮಾಡಿದ್ರೆ ನನಗೆ ಧೈರ್ಯ ಉಳಿಯಲ್ಲ."

ಅವನು ಗಡಿಬಿಡಿಯಲ್ಲಿ ಏಪ್ರನ್ನಿನ ಗಂಟನ್ನು ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿಕೊಂಡ. ಅವಳೇ ಹಿಂದೆ ನಿಂತು ಬಿಚ್ಚಿಕೊಟ್ಟಳು.

"ಅಣ್ಣ ಏನಂತಾರೋ..." ಎಂದ ಅವನು.

"ಏನಾದ್ರೂ ಅನ್ಲಿ. ನಾನಿದೀನಲ್ಲ."